ಮನೆಯೇ ಅಂಗಡಿ, ಮನೆಯೇ ಶಾಲೆ

ಕೊರೊನಾ ಕಾಲದ ಮಾತು ಈಗ ಯಾರಿಗೂ ಬೇಡವಾಗಿದೆ. ಮದುವೆ ಮನೆಯಲ್ಲಿ ನಾಲ್ಕು ಜನ ಹಿರಿಯರು ಕೂಡಿದಾಗ ಆ ದಿನಗಳ ವಿಷಯ ಬಂದರೆ ತೀರಿಹೋದವರ ಹೆಸರು ನೆನೆದು ಒಂದು ಕ್ಷಣ ಸುಮ್ಮನಾಗುತ್ತೇವೆ. ಆಮೇಲೆ ಬಾಡಿಗೆ, ಬಡ್ಡಿ, ಮುಳುಗಿದ ಉದ್ರಿಯ ಲೆಕ್ಕ ಹೇಳಿಕೊಂಡು ಎದ್ದುಬಿಡುತ್ತೇವೆ. ಆದರೆ ಹದಿನೈದು-ಹದಿನಾರು ವರ್ಷದ ಮಕ್ಕಳಿದ್ದ ಮನೆಗಳಲ್ಲಿ ಇನ್ನೊಂದು ಲೆಕ್ಕವೂ ಇತ್ತು. ನಮ್ಮ ವ್ಯಾಪಾರಿ ಮನೆತನಗಳಲ್ಲಿ ಅದನ್ನು ಯಾರೂ ಕೀರ್ದಿಗೆ ಹಚ್ಚಿದಂತೆ ಕಾಣುವುದಿಲ್ಲ. ಅದಕ್ಕಾಗಿ ನಾನು ಕಂಡಷ್ಟನ್ನು ಸಮಾಜ ಬಾಂಧವರ ಮುಂದೆ ಇಡುತ್ತಿದ್ದೇನೆ.

ನಮ್ಮದು ಅಕ್ಕಲಕೋಟೆಯಲ್ಲಿ ಬಟ್ಟೆ ಅಂಗಡಿ. 2020ರ ಮಾರ್ಚ್ 25, ಯುಗಾದಿ ಪಾಡ್ಯದ ದಿನವೇ ದೇಶಕ್ಕೆಲ್ಲ ಬೀಗ ಬಿತ್ತು. ಬಟ್ಟೆ ವ್ಯಾಪಾರಸ್ಥರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಪಾಡ್ಯದಿಂದ ಅಕ್ಷಯ ತೃತೀಯೆ, ಅಲ್ಲಿಂದ ಮಿರಗಾ ಮಳೆ ಬೀಳುವವರೆಗೆ ಲಗ್ನದ ಬಸ್ತಾ ಕಟ್ಟುವ ಕಾಲ. ವರ್ಷದ ಗಳಿಕೆಯ ದೊಡ್ಡ ಪಾಲು ಈ ಎರಡೂವರೆ ತಿಂಗಳಲ್ಲಿಯೇ. ಇಚಲಕರಂಜಿಯ ಮಾಲು, ಸುರತದ ಸೀರೆ ಎಲ್ಲ ತುಂಬಿಟ್ಟು ಕೂತಿದ್ದೆವು. ಕಿರಾಣಿ ಅಂಗಡಿಗೆ, ಔಷಧ ಅಂಗಡಿಗೆ ಪರವಾನಗಿ ಇತ್ತು. ಅರಿವೆ ಅವಶ್ಯಕ ವಸ್ತುವಿನ ಯಾದಿಯಲ್ಲಿ ಇರಲಿಲ್ಲ. ಸ್ವಾಮಿ ಸಮರ್ಥರ ದರ್ಶನಕ್ಕೆ ದೂರದೂರದಿಂದ ಬರುವ ಯಾತ್ರಿಕರೂ ನಿಂತುಹೋದರು. ನಮ್ಮ ಊರಿನ ಬಜಾರ ಅಷ್ಟು ನಿಶ್ಶಬ್ದವಾಗಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ.

ನನಗೆ ಸಕ್ಕರೆ ಕಾಯಿಲೆ. ಅಂಥವರು ಹೊರಗೆ ಬೀಳಬಾರದೆಂದು ಸರಕಾರದ ಸೂಚನೆ ಇತ್ತು. ಜೂನ್‌ನಲ್ಲಿ ಹಂತ ಹಂತವಾಗಿ ಅಂಗಡಿ ತೆಗೆಯಲು ಅವಕಾಶ ಸಿಕ್ಕ ಮೇಲೂ ಮಗ ನನ್ನನ್ನು ಗಾದಿಯ ಮೇಲೆ ಕೂಡ್ರಗೊಡಲಿಲ್ಲ. ತಾನು ಅಂಗಡಿ ನೋಡಿಕೊಂಡ. ನನಗೆ ಮನೆಯ ಪಡಸಾಲೆಯಲ್ಲಿ ಒಂದು ಮೇಜು, ಖತಾವಣಿ ಪುಸ್ತಕ, ಒಂದು ಮೊಬೈಲ್ ಕೊಟ್ಟು ವಸೂಲಿ ಮತ್ತು ಪತ್ರವ್ಯವಹಾರ ನೋಡಿಕೊಳ್ಳಿರಿ ಎಂದ. ನಲವತ್ತು ವರ್ಷ ಅಂಗಡಿಯಲ್ಲಿ ಕೂತವನಿಗೆ ಮನೆಯಲ್ಲಿ ಕೂತು ವ್ಯಾಪಾರ ಮಾಡುವುದು ಎಂದರೆ ನೀರಿಲ್ಲದೆ ಈಜು ಕಲಿತಂತೆ. ಗಿರಾಕಿಯ ಮುಖ ಕಾಣದು, ಅರಿವೆ ಕೈಗೆ ಹತ್ತದು. ಹೀಗಿರುವಾಗ ಅದೇ ಮೇಜಿನ ಇನ್ನೊಂದು ತುದಿಗೆ ಮೊಮ್ಮಗಳು ಬಂದು ಕೂತಳು. ಹತ್ತನೆಯ ಇಯತ್ತೆ. ಜೂನ್ 15ರಿಂದ ಶಾಲೆ ಸುರುವಾಯಿತು, ಆದರೆ ಶಾಲೆಯ ಬಾಗಿಲು ತೆರೆಯಲಿಲ್ಲ. ಪಾಠವೆಲ್ಲ ಮೊಬೈಲಿನಲ್ಲಿ.

ಆಗ ನಮ್ಮ ಸಮಾಜದ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮಾತು ಬಹಳ ತಿರುಗಾಡುತ್ತಿತ್ತು. ಬಾಯಿಗೆ ವಸ್ತ್ರ, ಕಾಯಿಸಿದ ನೀರು, ಹೊರಗಿನ ತಿಂಡಿ ವರ್ಜ್ಯ - ಇವನ್ನೆಲ್ಲ ನಾವು ಜೈನರು ಸಾವಿರಾರು ವರ್ಷದಿಂದ ಮಾಡುತ್ತ ಬಂದಿದ್ದೇವೆ, ಜಗತ್ತು ಈಗ ಕಲಿಯುತ್ತಿದೆ ಎಂದು. ನನಗೆ ಈ ಹೆಚ್ಚುಗಾರಿಕೆ ಅಷ್ಟಾಗಿ ರುಚಿಸಲಿಲ್ಲ. ರೋಗದ ಹೆದರಿಕೆಯಿಂದ ಮಾಡುವುದು ಬೇರೆ, ಜೀವದಯೆಯಿಂದ ಮಾಡುವುದು ಬೇರೆ. ದೇಶವ್ರತದ ಮಾತೂ ಹಾಗೆಯೇ. ಇಷ್ಟು ದಿನ ಈ ಓಣಿ ದಾಟುವುದಿಲ್ಲ, ಈ ಮನೆ ಬಿಡುವುದಿಲ್ಲ ಎಂದು ಶ್ರಾವಕನು ತಾನಾಗಿ ಗೆರೆ ಹಾಕಿಕೊಂಡರೆ ಅದು ವ್ರತ. ಪೋಲೀಸರು ಓಣಿಯ ಬಾಯಿಗೆ ಬಿದಿರು ಕಟ್ಟಿದರೆ ಅದು ವ್ರತವಾಗದು. ದೊಡ್ಡವರಾದ ನಮಗೇ ಆ ಗೆರೆ ಭಾರವಾಗಿರುವಾಗ ಹದಿನೈದು ವರ್ಷದ ಹುಡುಗಿಗೆ ಎಷ್ಟು ಭಾರವಾಗಿರಬೇಡ?

ಇರಲಿ. ಮೊದಲ ಜಗಳ ಮೊಬೈಲಿನದು. ಮನೆಯಲ್ಲಿ ದೊಡ್ಡ ಮೊಬೈಲು ಎರಡು. ಒಂದು ಮಗನ ಜೊತೆ ಅಂಗಡಿಗೆ ಹೋಗುತ್ತಿತ್ತು. ಇನ್ನೊಂದು ನನ್ನದು, ಅದರಲ್ಲಿಯೇ ಸುರತದ ದಲಾಲರ ಫೋನು, ಅದರಲ್ಲಿಯೇ ಬೀಜಗಣಿತ. ಮೊಮ್ಮಗಳ ಪಾಠ ಹನ್ನೊಂದಕ್ಕೆ. ಪೇಟೆಯ ಫೋನುಗಳೂ ಹನ್ನೊಂದಕ್ಕೇ. ಫೋನು ಬಂದರೆ ಪಾಠ ನಿಲ್ಲುತ್ತಿತ್ತು, ಪಾಠ ನಡೆದರೆ ವಸೂಲಿ ನಿಲ್ಲುತ್ತಿತ್ತು. ಕೊನೆಗೆ ಹನ್ನೊಂದರಿಂದ ಎರಡರವರೆಗೆ ಮೊಬೈಲು ಶಾಲೆಯದು ಎಂದು ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸಿದೆವು. ದಿನಕ್ಕೆ ಒಂದೂವರೆ ಜಿಬಿ ನೆಟ್ ಸಿಗುವ ರಿಚಾರ್ಜು. ಅದು ಮಧ್ಯಾಹ್ನಕ್ಕೆ ತೀರುತ್ತಿತ್ತು. ಮಳೆ ಬಂದರೆ ಕರೆಂಟು ಹೋಗುವುದು, ಕರೆಂಟು ಹೋದರೆ ಟವರು ಹೋಗುವುದು. ಆಗ ಮಾಸ್ತರರ ಮುಖ ಪರದೆಯ ಮೇಲೆ ಬಾಯಿ ತೆರೆದ ಹಾಗೆಯೇ ನಿಂತುಬಿಡುತ್ತಿತ್ತು. "ಅಂತರಾಯ ಕರ್ಮ ಉದಯಕ್ಕೆ ಬಂತು ನೋಡ್ರಿ ಅಜ್ಜಾ" ಎಂದು ಮೊಮ್ಮಗಳು ಪಾಠಶಾಲೆಯಲ್ಲಿ ಕಲಿತದ್ದನ್ನು ನನಗೇ ತಿರುಗಿಸಿ ಹೇಳುತ್ತಿದ್ದಳು.

ಒಂದು ದಿನದ ಮಾತು ಹೇಳದೆ ಮುಂದೆ ಹೋಗಲಾರೆ. ಅವಳು ಮಾಸ್ತರರ ಪ್ರಶ್ನೆಗೆ ಉತ್ತರ ಹೇಳಿ ಧ್ವನಿ ಬಂದ್ ಮಾಡುವುದನ್ನು ಮರೆತಿದ್ದಳು. ಅಷ್ಟರಲ್ಲಿ ನಾನು ಮನೆಯ ಸಣ್ಣ ಫೋನಿನಲ್ಲಿ ಒಬ್ಬ ಹಳೆಯ ಗಿರಾಕಿಗೆ, ಎರಡು ದೀಪಾವಳಿ ಹೋದವು, ಮೂರನೆಯದಕ್ಕಾದರೂ ಬಾಕಿ ಕೊಡುವಿರೋ ಹೇಗೆ ಎಂದು ಸ್ವಲ್ಪ ಏರಿದ ದನಿಯಲ್ಲಿಯೇ ಕೇಳುತ್ತಿದ್ದೆ. ಇಡೀ ಹತ್ತನೆಯ ಇಯತ್ತೆ ಕೇಳಿತು. ಮಾಸ್ತರರು ಗಂಭೀರವಾಗಿ, "ಅಜ್ಜಾರ ವಸೂಲಿ ಮುಗೀಲಿ, ಆಮ್ಯಾಲೆ ಮುಂದಿನ ಗಣಿತ ಮಾಡೂಣು" ಎಂದರಂತೆ. ಆ ವಾರವೆಲ್ಲ ಮೊಮ್ಮಗಳ ಗೆಳತಿಯರಿಗೆ ಅದೇ ನಗೆ. ಗಿರಾಕಿಯ ಹೆಸರು ಬಾಯಿಗೆ ಬಂದಿರಲಿಲ್ಲ, ಅದೊಂದು ಪುಣ್ಯ.

ಈ ಮಾಸ್ತರರ ಬಗ್ಗೆ ಎರಡು ಮಾತು ಬರೆಯಲೇಬೇಕು. ಐವತ್ತು ದಾಟಿದವರು. ಮೊಬೈಲಿನಲ್ಲಿ ಪಾಠ ಹೇಳುವುದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ಮನೆಯಲ್ಲಿ ಒಂದು ಕಪಾಟಿನ ಬಾಗಿಲನ್ನೇ ಹಲಗೆ ಮಾಡಿಕೊಂಡು, ಜೋಳದ ಡಬ್ಬಿಗೆ ಮೊಬೈಲು ಆನಿಸಿಟ್ಟು ಪಾಠ ಹೇಳುತ್ತಿದ್ದರು. ಹಿಂದೆ ಪಾತ್ರೆಯ ಸದ್ದು, ಕುಕ್ಕರಿನ ಸೀಟಿ. ನೆಟ್ ಇಲ್ಲದ ಮಕ್ಕಳಿಗಾಗಿ ಅದೇ ಪಾಠವನ್ನು ಹಾಳೆಯ ಮೇಲೆ ಬರೆದು, ವಾರಕ್ಕೊಮ್ಮೆ ಸೈಕಲ್ ಮೋಟರಿನ ಮೇಲೆ ಹಳ್ಳಿಗಳಿಗೆ ಹೋಗಿ ಕೊಟ್ಟು ಬರುತ್ತಿದ್ದರು. ನಾನು ಓದಿದ್ದು ಹಳೆಯ ಹನ್ನೊಂದನೆಯ ಮ್ಯಾಟ್ರಿಕ್ ಮಾತ್ರ. ಮಗನ ಕಾಲಕ್ಕೂ ಶಾಲೆಯಲ್ಲಿ ಏನು ನಡೆಯುತ್ತದೆಂದು ಒಮ್ಮೆಯೂ ಇಣುಕಿ ನೋಡುವ ಪ್ರಸಂಗ ಬಂದಿರಲಿಲ್ಲ. ವ್ಯಾಪಾರದವರ ಮನೆಯಲ್ಲಿ ಫೀ ಕೊಡುವುದು, ಗುಣಪತ್ರಕ್ಕೆ ಸಹಿ ಮಾಡುವುದು ಇಷ್ಟೇ ರೂಢಿ. ಈಗ ಮೇಜಿನ ಇನ್ನೊಂದು ತುದಿಯಲ್ಲಿ ದಿನವೂ ಮೂರು ತಾಸು ಪಾಠ ಕಿವಿಗೆ ಬೀಳತೊಡಗಿತು. ಮಸೂರ, ಧಾತುಗಳ ಆವರ್ತ ಕೋಷ್ಟಕ, ಗುರುತ್ವಾಕರ್ಷಣೆ. ಖತಾವಣಿ ಬರೆಯುತ್ತ ನಾನೂ ಅರ್ಧ ವಿದ್ಯಾರ್ಥಿಯಾದೆ.

ಗಡಿ ಭಾಗದ ಕನ್ನಡ ಮಾಧ್ಯಮದ ಮಕ್ಕಳಿಗೆ ಆ ವರ್ಷ ಬಂದ ತೊಂದರೆ ಬೇರೆಯವರಿಗೆ ತಿಳಿದಿರಲಾರದು. ನಮ್ಮ ತಾಲೂಕಿನಲ್ಲಿ, ಅತ್ತ ಜತ್ತ ತಾಲೂಕಿನಲ್ಲಿ ಎಷ್ಟೋ ಹಳ್ಳಿಗಳಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ. ಪುಸ್ತಕ ಪುಣೆಯ ಬಾಲಭಾರತಿಯದು, ಭಾಷೆ ಕನ್ನಡ. ಶಾಲೆಯ ಗೋಡೆಯೊಳಗೆ ಇದು ಸರಿಯಾಗಿಯೇ ನಡೆಯುತ್ತದೆ, ಏಕೆಂದರೆ ಮಾಸ್ತರರು ಇದ್ದಾರೆ. ಶಾಲೆ ಮುಚ್ಚಿ ಎಲ್ಲ ಕಲಿಕೆಯೂ ಟೀವಿ-ಮೊಬೈಲಿಗೆ ಹೋದಾಗ ನಮ್ಮ ಮಕ್ಕಳು ಎರಡು ದೋಣಿಯ ನಡುವೆ ನಿಂತರು. ಸಹ್ಯಾದ್ರಿ ವಾಹಿನಿಯಲ್ಲಿ 'ಟಿಲಿಮಿಲಿ' ಎಂದು ಪಾಠ ಬರುತ್ತಿತ್ತು. ಅದು ಚಿಕ್ಕ ಇಯತ್ತೆಗಳದು, ಅದೂ ಮರಾಠಿಯಲ್ಲಿ. ಕರ್ನಾಟಕದವರು ಚಂದನ ವಾಹಿನಿಯಲ್ಲಿ 'ಸಂವೇದ' ಪಾಠ ಸುರು ಮಾಡಿದರು. ಅಚ್ಚ ಕನ್ನಡ, ಚೊಕ್ಕ ಚಿತ್ರಗಳು. ನಾವೆಲ್ಲ ಸಂತೋಷಪಟ್ಟು ಟೀವಿ ಮುಂದೆ ಕೂತೆವು. ನಾಲ್ಕು ದಿನದಲ್ಲಿ ಮೊಮ್ಮಗಳು ಎದ್ದುಬಿಟ್ಟಳು. "ಅಜ್ಜಾ, ಭಾಷಾ ನಂದು, ಪುಸ್ತಕ ನಂದಲ್ಲ" ಎಂದಳು. ಅದು ನಿಜ. ನಮ್ಮ ಹತ್ತನೆಯ ವಿಜ್ಞಾನದ ಮೊದಲ ಪಾಠ ಗುರುತ್ವಾಕರ್ಷಣೆ; ಗಡಿಯ ಆಚೆ ಅದು ಒಂಬತ್ತರಲ್ಲಿಯೇ ಮುಗಿದಿರುತ್ತದೆ. ನಮ್ಮಲ್ಲಿ ಬೀಜಗಣಿತ, ಭೂಮಿತಿ ಎರಡು ಬೇರೆ ಪುಸ್ತಕ; ಅಲ್ಲಿ ಪಾಠಗಳ ಜೋಡಣೆಯೇ ಬೇರೆ. ಆದರೂ ನಾನು ಚಂದನ ಹಚ್ಚುವುದನ್ನು ಬಿಡಿಸಲಿಲ್ಲ. ಪರೀಕ್ಷೆಗೆ ಬಾರದಿದ್ದರೂ ದಿನಕ್ಕೆ ಅರ್ಧ ತಾಸು ಒಳ್ಳೆಯ ಕನ್ನಡ ಕಿವಿಗೆ ಬೀಳಲಿ ಎಂದು ನನ್ನ ಅಭಿಪ್ರಾಯ. ಸೊಸೆ ಅದಕ್ಕೆ ಒಪ್ಪಲಿಲ್ಲ, ಕಣ್ಣು ಹಾಳಾಗುತ್ತವೆ ಎಂದಳು. ಅವಳ ಮಾತಿನಲ್ಲಿಯೂ ಸತ್ಯವಿತ್ತು.

ಇಂಡಿಯಲ್ಲಿ ಅವಳ ಸೋದರಮಾವನ ಮಗನೂ ಅದೇ ವರ್ಷ ಹತ್ತನೆಯದಲ್ಲಿದ್ದ. ಇಬ್ಬರೂ ಕನ್ನಡದಲ್ಲಿಯೇ ಓದುವವರು, ಫೋನಿನಲ್ಲಿ ಹರಟುವವರು, ಆದರೆ ಒಬ್ಬರ ಟಿಪ್ಪಣಿ ಇನ್ನೊಬ್ಬರಿಗೆ ಉಪಯೋಗವಿಲ್ಲ. ಹೋಗಿ ಬರಬೇಕೆಂದರೆ ಗಡಿಯಲ್ಲಿ ತಪಾಸಣೆ. 2021ರ ಫೆಬ್ರುವರಿಯಲ್ಲಂತೂ ಮಹಾರಾಷ್ಟ್ರದಿಂದ ಕರ್ನಾಟಕಕ್ಕೆ ಹೋಗುವವರಿಗೆ ಮೂಗಿನ ದ್ರವ ಪರೀಕ್ಷೆಯ ವರದಿ ಕಡ್ಡಾಯವಾಯಿತು. ನಮ್ಮ ಅರ್ಧ ಗಿರಾಕಿಗಳು ಅಫಜಲಪುರ, ಆಳಂದ ಕಡೆಯ ಹಳ್ಳಿಯವರು. ಗಡಿ ಎಂಬುದು ನಕಾಶೆಯ ಮೇಲಿನ ಗೆರೆಯೆಂದು ತಿಳಿದವರಿಗೆ ಅದು ಗೋಡೆಯೂ ಆಗಬಲ್ಲದೆಂದು ಆಗ ಗೊತ್ತಾಯಿತು.

ಆಗಸ್ಟ್ ಹೊತ್ತಿಗೆ ಹುಡುಗಿಯ ಸ್ವಭಾವ ಬದಲಾಗತೊಡಗಿತು. ಮೊದಲೆಲ್ಲ ಮಾತಿನ ಮಲ್ಲಿ. ಈಗ ಕ್ಯಾಮರಾ ಬಂದ್ ಮಾಡಿ ಪಾಠ ಹಚ್ಚಿಟ್ಟು ಕಿಟಕಿಯ ಹೊರಗೆ ನೋಡುತ್ತ ಕೂಡ್ರುವಳು. ಮಾಸ್ತರರು ಹೆಸರು ಕರೆದರೆ ಬೆಚ್ಚಿಬೀಳುವಳು. ರಾತ್ರಿ ನಿದ್ರೆ ಇಲ್ಲ, ಬೆಳಿಗ್ಗೆ ಏಳುವುದಿಲ್ಲ. ಬಸದಿಗೆ ಹೋಗುವ ನೆಪದಲ್ಲಾದರೂ ಹೊರಗೆ ಬೀಳುತ್ತಿದ್ದಳು, ಅದೂ ಬಂದ್. ಆ ವರ್ಷ ಆಗಸ್ಟ್ 23ರಿಂದ ದಶಲಕ್ಷಣ ಪರ್ವ. ನಮ್ಮ ರಾಜ್ಯದಲ್ಲಿ ದೇವಾಲಯಗಳು ತೆರೆದದ್ದು ನವೆಂಬರ್ 16ಕ್ಕೆ. ಹತ್ತು ದಿನವೂ ಮನೆಯಲ್ಲಿಯೇ ಪೂಜೆ, ಮನೆಯಲ್ಲಿಯೇ ಪ್ರತಿಕ್ರಮಣ. ಸೊಸೆ ಬೈಯುವುದು, ಅವಳು ಬಾಗಿಲು ಹಾಕಿಕೊಳ್ಳುವುದು ನಡೆಯಿತು. ನಾನು ಬೈಯುವವರ ಪಕ್ಷಕ್ಕೆ ಸೇರಲಿಲ್ಲ. ಅಂಗಡಿ ಇಲ್ಲದೆ ನನಗೇ ಊಟ ರುಚಿಸುತ್ತಿರಲಿಲ್ಲ. ಗೆಳತಿಯರಿಲ್ಲದ ಅವಳ ಸ್ಥಿತಿ ನನಗೆ ಚೆನ್ನಾಗಿ ತಿಳಿಯುತ್ತಿತ್ತು.

ಅವಳು ಮತ್ತೆ ಮೇಜಿಗೆ ಬಂದದ್ದು ಒಂದು ಪಾಠದ ನಿಮಿತ್ತದಿಂದ. ಬಾಲಭಾರತಿಯ ಹತ್ತನೆಯ ಬೀಜಗಣಿತ ಪುಸ್ತಕದಲ್ಲಿ ಆರ್ಥಿಕ ನಿಯೋಜನೆಯ ಪಾಠವಿದೆ. ಅದರಲ್ಲಿ ಜಿಎಸ್‌ಟಿ, ಶೇರುಗಳು, ಮ್ಯೂಚುವಲ್ ಫಂಡು. ಪುಸ್ತಕ ನೋಡಿ ನಾನು ದಂಗಾದೆ. ನಮ್ಮ ಕಾಲದಲ್ಲಿ ವ್ಯಾಪಾರದ ವಿಷಯವನ್ನು ಶಾಲೆಯಲ್ಲಿ ಕಲಿಸುತ್ತಾರೆಂದರೆ ನಮ್ಮ ತಂದೆಯವರು ನಂಬುತ್ತಿರಲಿಲ್ಲ. ಆ ವರ್ಷ ಸರಕಾರ ಶೇಕಡಾ 25ರಷ್ಟು ಪಾಠ ಕಡಿಮೆ ಮಾಡಿತ್ತು. ಯಾವುದು ಬಂದೀತು, ಯಾವುದು ಬಾರದು ಎಂಬ ಲೆಕ್ಕ ಬಿಟ್ಟು ಇಬ್ಬರೂ ಆ ಪಾಠ ತೆಗೆದೆವು. ಪುಸ್ತಕದ ಉದಾಹರಣೆ ಬದಿಗಿಟ್ಟು ನಮ್ಮ ಅಂಗಡಿಯ ಪಾವತಿಯನ್ನೇ ಅವಳ ಮುಂದಿಟ್ಟೆ.

ಇಚಲಕರಂಜಿಯಿಂದ 20,000 ರೂಪಾಯಿ ಮಾಲು ಬಂತೆಂದು ತಿಳಿ. ಅರಿವೆಗೆ ಶೇಕಡಾ 5. ಅದೂ ನಮ್ಮದೇ ರಾಜ್ಯ, ಆದ್ದರಿಂದ ಎರಡೂವರೆ ಕೇಂದ್ರಕ್ಕೆ, ಎರಡೂವರೆ ರಾಜ್ಯಕ್ಕೆ, ಐದುನೂರು, ಐದುನೂರು. ಒಟ್ಟು 1,000 ನಾವು ಕೊಟ್ಟೆವು. ಅದೇ ಮಾಲನ್ನು 24,000ಕ್ಕೆ ಮಾರಿದೆವು, ಗಿರಾಕಿಯಿಂದ 1,200 ತೆರಿಗೆ ಬಂತು. ಮೊದಲು ಕೊಟ್ಟ 1,000 ಮುರಿದುಕೊಂಡು ಸರಕಾರಕ್ಕೆ 200 ಕಟ್ಟುವುದು. ಸುರತದ ಮಾಲಾದರೆ ಹೊರರಾಜ್ಯ, ಅಲ್ಲಿ ಐದೂ ಒಟ್ಟಿಗೆ. ಇಷ್ಟು ಹೇಳುವುದರೊಳಗೆ ಅವಳು ಪೆನ್ನು ಕಚ್ಚುತ್ತ ಕೇಳಿದಳು: "ಮತ್ತ ಈ ಸಲ ಲಗ್ನದ ಸೀರಿ ಮಾರೇ ಇಲ್ಲಲ್ಲ ಅಜ್ಜಾ, ಕೊಟ್ಟ ತೆರಗಿ ಎಲ್ಲಿ ಹೋತು?"

ಆ ಪ್ರಶ್ನೆಗೆ ಪುಸ್ತಕದಲ್ಲಿ ಉತ್ತರವಿಲ್ಲ. ಎಲ್ಲಿಯೂ ಹೋಗಿಲ್ಲ ಮಗೂ, ಖಾತೆಯಲ್ಲಿ ಜಮಾ ಇದೆ, ಆದರೆ ಮಾಲು ಮಾರುವ ತನಕ ಅದು ಕಪಾಟಿನಲ್ಲಿ ಮಲಗಿದ ಹಣ ಎಂದೆ. ಅಂದಿನಿಂದ ಅವಳು ಅಂಗಡಿಯ ಕಪಾಟುಗಳನ್ನೇ ಬೇರೆ ಕಣ್ಣಿನಿಂದ ನೋಡತೊಡಗಿದಳು. ಬ್ಯಾಂಕಿನ ಕಂತು ಆಗಸ್ಟ್ ಕೊನೆಯವರೆಗೆ ಮುಂದೂಡಬಹುದೆಂದು ರಿಸರ್ವ್ ಬ್ಯಾಂಕು ಹೇಳಿತ್ತು. ಎಲ್ಲರೂ ಖುಷಿಪಟ್ಟರು. ಕಂತು ಮುಂದೆ ಹೋದರೂ ಬಡ್ಡಿ ನಿಲ್ಲುವುದಿಲ್ಲ ಎಂಬುದನ್ನು ಅವಳೇ ಕೋಷ್ಟಕ ಹಾಕಿ ತನ್ನ ತಂದೆಗೆ ತೋರಿಸಿದಳು. ಮಗ ಆ ರಾತ್ರಿಯೇ ಕಂತು ತುಂಬುವ ನಿರ್ಧಾರ ಮಾಡಿದ. ಸಿದ್ಧ ಉಡುಪಿಗೆ ಆಗ 1,000 ರೂಪಾಯಿವರೆಗೆ ಶೇಕಡಾ 5, ಮೇಲೆ 12 ಇತ್ತು. 2025ರ ಸೆಪ್ಟೆಂಬರ್ 22ರಿಂದ 2,500ರವರೆಗೆ 5, ಮೇಲೆ 18 ಆಗಿದೆ. ಆ ಬದಲಾವಣೆಯ ವಾರ ಅಂಗಡಿಯ ಬೆಲೆಚೀಟಿಗಳನ್ನೆಲ್ಲ ತಿದ್ದಿಸಿದವಳೂ ಅವಳೇ.

ಈಗ ಹೇಳಬೇಕಾದ ಮುಖ್ಯ ಮಾತಿಗೆ ಬರುತ್ತೇನೆ.

ನಮ್ಮ ಅಂಗಡಿಯಲ್ಲಿ ಹದಿನೆಂಟು ವರ್ಷದಿಂದ ದುಡಿಯುತ್ತಿರುವ ಒಬ್ಬ ಕೆಲಸಗಾರನಿದ್ದಾನೆ. ಅವನ ಮಗಳು ನಮ್ಮ ಮೊಮ್ಮಗಳ ಇಯತ್ತೆಯಲ್ಲಿಯೇ ಓದುತ್ತಿದ್ದಳು. ಅಂಗಡಿ ಮುಚ್ಚಿದ್ದಾಗ ಪೂರ್ತಿ ಪಗಾರ ಕೊಡುವಷ್ಟು ಶಕ್ತಿ ನಮಗಿರಲಿಲ್ಲ. ಅರ್ಧ ಪಗಾರ ಮತ್ತು ಕಾಳುಕಡಿ ಕೊಡುತ್ತಿದ್ದೆವು. ಅವರ ಮನೆಯಲ್ಲಿ ಇದ್ದದ್ದು ಗುಂಡಿ ಒತ್ತುವ ಸಣ್ಣ ಫೋನು. ಹುಡುಗಿ ಜೂನ್‌ನಿಂದ ಒಂದು ಪಾಠವನ್ನೂ ಕೇಳಿರಲಿಲ್ಲ. ಸೆಪ್ಟೆಂಬರ್ ತಿಂಗಳಲ್ಲಿ ಒಂದು ಸಂಜೆ ಅವನು ನಮ್ಮ ಮನೆಯ ಕಟ್ಟೆಗೆ ಬಂದು, ಸಾಹುಕಾರರೇ, ಐದಾರು ಸೀರೆ ಉದ್ರಿ ಬೇಕು ಎಂದ. ಯಾರ ಲಗ್ನವೋ ಎಂದೆ. ಮಗಳದು ಎಂದ. ಸೊಲ್ಲಾಪುರದ ಕಡೆಯ ಸಂಬಂಧ. ಈಗ ಐವತ್ತೇ ಜನರಿಗೆ ಪರವಾನಗಿ, ಮಂಟಪವಿಲ್ಲ, ಊಟವಿಲ್ಲ, ಖರ್ಚಿನಲ್ಲಿ ಮುಗಿದುಹೋಗುತ್ತದೆ, ಶಾಲೆಯಂತೂ ಇಲ್ಲ, ಹುಡುಗಿ ಮನೆಯಲ್ಲಿ ಕೂತು ಏನು ಮಾಡುತ್ತಾಳೆ ಎಂದ. ಅವನಲ್ಲಿ ಕೆಟ್ಟತನವೇನೂ ಇರಲಿಲ್ಲ. ಬಡವನ ಲೆಕ್ಕ ಅದು, ಲೆಕ್ಕವಾಗಿ ತಪ್ಪೂ ಇರಲಿಲ್ಲ.

ನನ್ನ ಹಿಂದೆ ಗೋದಾಮಿನಲ್ಲಿ ಮಾರದ ಸೀರೆಗಳ ಗಂಟು ಬಿದ್ದಿದ್ದವು. ಆರು ತಿಂಗಳಲ್ಲಿ ಲಗ್ನದ ಬಸ್ತಾ ಕೇಳಿಕೊಂಡು ಬಂದವರು ಕೈಬೆರಳಲ್ಲಿ ಎಣಿಸುವಷ್ಟು. ಹದಿನೆಂಟು ತುಂಬದೆ ಹೆಣ್ಣಿನ ಲಗ್ನ ಕಾನೂನಿಗೆ ವಿರೋಧವೆಂದು ಅವನಿಗೂ ಗೊತ್ತು, ನನಗೂ ಗೊತ್ತು. ಈ ಕಾರ್ಯಕ್ಕೆ ನಮ್ಮ ಅಂಗಡಿಯಿಂದ ಒಂದು ಕುಪ್ಪಸದ ತುಂಡೂ ಹೋಗುವುದಿಲ್ಲ ಎಂದೆ. ಬೇರೆ ಅಂಗಡಿಯವರು ಕೊಡಬಹುದು, ಅದು ಬೇರೆ ಮಾತು. ನಾಳೆಯಿಂದ ಹುಡುಗಿಯನ್ನು ಹನ್ನೊಂದಕ್ಕೆ ಇಲ್ಲಿಗೆ ಕಳಿಸು, ಮೊಮ್ಮಗಳ ಜೊತೆ ಪಾಠ ಕೇಳಲಿ ಎಂದೂ ಹೇಳಿದೆ. ಅವನು ಉತ್ತರ ಕೊಡದೆ ಎದ್ದು ಹೋದ.

ಆ ರಾತ್ರಿ ನಮ್ಮ ಮನೆಯಲ್ಲಿ ದೊಡ್ಡ ವಾದವಾಯಿತು. ಸಕ್ಕರೆ ಕಾಯಿಲೆಯ ಮುದುಕ ಮನೆಯಲ್ಲಿದ್ದಾನೆ, ಹೊರಗಿನವರನ್ನು ಕರೆಯುವುದೆಂದರೇನು ಎಂದು ಮಗ ಕೇಳಿದ. ಅವನ ಹೆದರಿಕೆ ನನ್ನ ಸಲುವಾಗಿಯೇ. ನನ್ನ ಹೆಂಡತಿ, ಅವಳು ಮಾತು ಕಡಿಮೆಯವಳು, ಅಂದಳು: ಇನ್ನೊಬ್ಬರ ಓದಿಗೆ ಅಡ್ಡಿಯಾದರೆ ಜ್ಞಾನಾವರಣೀಯ ಕರ್ಮ ಕಟ್ಟುತ್ತದೆ ಎಂದು ಪಾಠಶಾಲೆಯಲ್ಲಿ ಮಕ್ಕಳಿಗೆ ಕಲಿಸುತ್ತೇವೆ, ಇದ್ದ ಮೊಬೈಲನ್ನು ತೋರಿಸದೆ ಇಟ್ಟುಕೊಂಡರೆ ಅದು ಅಡ್ಡಿಯಲ್ಲವೇ? ತತ್ತ್ವಾರ್ಥ ಸೂತ್ರವನ್ನು ನಾನೂ ಎಷ್ಟೋ ಸಲ ಓದಿದ್ದೇನೆ, ಆದರೆ ಮೊಬೈಲಿಗೆ ಹಚ್ಚಿ ನೋಡಿರಲಿಲ್ಲ. ಮೇಜನ್ನು ಪಡಸಾಲೆಯಿಂದ ಅಂಗಳದ ಬೇವಿನ ಮರದ ಕೆಳಗೆ ಹಾಕಿದೆವು. ನಾನು ಒಳಗೆ, ಮಕ್ಕಳು ಹೊರಗೆ, ನಡುವೆ ಕಿಟಕಿ. ಬಾಯಿಗೆ ವಸ್ತ್ರ, ಕೈಗೆ ಸಾಬೂನು.

ಮೂರನೆಯ ದಿನ ಹುಡುಗಿ ಬಂದಳು. ಅಪ್ಪನೇ ಕರೆತಂದು ಬಿಟ್ಟುಹೋದ. ಎರಡು ವಾರ ಅವಳು ಬಾಯಿ ಬಿಡಲಿಲ್ಲ. ಆಮೇಲೆ ಅಂಗಳದಲ್ಲಿ ನಗುವಿನ ಸದ್ದು ಕೇಳಿತು. ನಮ್ಮ ಹುಡುಗಿಯೂ ಹೊತ್ತಿಗೆ ಸರಿಯಾಗಿ ಎದ್ದು, ತಲೆ ಬಾಚಿಕೊಂಡು, ಶಾಲೆಗೆ ಹೋಗುವವಳಂತೆ ಅಂಗಳಕ್ಕೆ ಹೋಗತೊಡಗಿದಳು. ಅವಳಿಗೆ ವೈದ್ಯರು ಕೊಡದ ಔಷಧ ಅದು. ಮೂವರ ಮೂರನೆಯ ಗೆಳತಿ ಮೊಬೈಲೇ ಎಂದು ನಮ್ಮ ಹೆಂಡತಿ ಚೇಷ್ಟೆ ಮಾಡುತ್ತಿದ್ದಳು.

ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ನಾಲ್ಕು ದಾನಗಳನ್ನು ನಾವು ಹೇಳುತ್ತೇವೆ. ಆ ವರ್ಷ ನಮ್ಮ ಸಮಾಜದವರು ಊರೂರಲ್ಲಿ ಆಹಾರದ ಕಿಟ್ಟು ಹಂಚಿದರು, ಔಷಧ ಕೊಟ್ಟರು, ಎರಡನೆಯ ಅಲೆಯಲ್ಲಿ ಆಮ್ಲಜನಕದ ಸಿಲಿಂಡರಿಗೂ ಓಡಾಡಿದರು. ಅದನ್ನು ಯಾರೂ ಕಡಿಮೆ ಎನ್ನಲಾರರು. ಕಿಟ್ಟಿಗಿಂತ ಕಿಟ್ಟಿನ ಫೋಟೋ ದೊಡ್ಡದಾಗಿದ್ದನ್ನು ಕಂಡಾಗ ಸ್ವಲ್ಪ ಕಸಿವಿಸಿ ಆಗುತ್ತಿತ್ತು, ಅಷ್ಟೆ. ಆದರೆ ಶಾಸ್ತ್ರದಾನದ ನೆನಪು ಬಂದದ್ದು ಕೆಲವರಿಗೆ ಮಾತ್ರ. ಒಂದು ಹುಡುಗಿಯ ತಿಂಗಳ ನೆಟ್ ರಿಚಾರ್ಜಿಗೆ ಆಗ ಸುಮಾರು ಇನ್ನೂರು ರೂಪಾಯಿ. ಬಸದಿಯಲ್ಲಿ ನಾವು ಒಂದು ಸವಾಲಿಗೆ ಎಷ್ಟು ಕೂಗುತ್ತೇವೆ ಎಂಬುದು ಓದುಗರಿಗೆ ಗೊತ್ತೇ ಇದೆ. ದೀಪಾವಳಿಗೆ ಮಗ ತಾನಾಗಿಯೇ ಕೆಲಸಗಾರನಿಗೆ ಬೋನಸಿನ ಬದಲು ಒಂದು ಹಳೆಯದೆನ್ನಬಹುದಾದ ಮೊಬೈಲು ತಂದುಕೊಟ್ಟ. ನವೆಂಬರ್ 23ರಿಂದ 9ರಿಂದ 12ನೆಯ ಇಯತ್ತೆಯ ಶಾಲೆ ತೆರೆಯಲು ಸರಕಾರದ ಅನುಮತಿ ಬಂತು. ಕೆಲವು ವಾರ ಶಾಲೆ ಅರ್ಧಂಬರ್ಧ ನಡೆಯಿತು. ಮಾಸ್ತರರನ್ನು ಕಣ್ಣಾರೆ ಕಂಡು ಮಕ್ಕಳಿಗೆ ಅಳು ಬಂತಂತೆ.

ಆಮೇಲಿನದು ಗೊತ್ತಿರುವ ಕಥೆ. 2021ರ ಏಪ್ರಿಲ್‌ನಲ್ಲಿ ಎರಡನೆಯ ಅಲೆ. ಅಂಗಡಿಗೆ ಮತ್ತೆ ಬೀಗ, ಎರಡನೆಯ ಲಗ್ನಸರಾಯಿಯೂ ಹೋಯಿತು. ಲಗ್ನಕ್ಕೆ 25 ಜನ, ಎರಡು ತಾಸು ಎಂದು ಆಜ್ಞೆ. ಸೊಲ್ಲಾಪುರದಲ್ಲಿ ನನ್ನ ಷಡ್ಡಕರು ಹೋಗಿಬಿಟ್ಟರು. ಮುಖ ನೋಡಲು ಆಗಲಿಲ್ಲ. ಅದರ ಬಗ್ಗೆ ಹೆಚ್ಚು ಬರೆಯಲಾರೆ.

ಏಪ್ರಿಲ್ 29ಕ್ಕೆ ಹತ್ತನೆಯ ಪರೀಕ್ಷೆ ಇತ್ತು. ಮೊದಲು ಮುಂದೆ ಹಾಕಿದರು, ಏಪ್ರಿಲ್ 20ರಂದು ಪೂರ್ತಿ ರದ್ದು ಮಾಡಿದರು. ನಮ್ಮ ಮನೆಯಲ್ಲಿ ಸಿಹಿ ಹಂಚುವಂತಹ ಸುದ್ದಿ ಎಂದು ನಾನು ತಿಳಿದಿದ್ದೆ. ಮೊಮ್ಮಗಳು ಊಟ ಬಿಟ್ಟಳು. "ಹತ್ತು ತಿಂಗಳು ಬ್ಯಾವಿನ ಗಿಡದ ಬುಡಕ ಕೂತಿದ್ದು ಏನಕ್ಕ ಅಜ್ಜಾ?" ಎಂದಳು. ಈಗ ಗುಣ ಕೊಡುವ ರೀತಿ ಹೀಗೆ: ನೂರರಲ್ಲಿ 50 ಒಂಬತ್ತನೆಯ ಇಯತ್ತೆಯ ಫಲಿತಾಂಶದಿಂದ, 30 ಹತ್ತನೆಯ ಶಾಲೆಯ ಲೇಖಿ ಪರೀಕ್ಷೆಗಳಿಂದ, 20 ತೋಂಡಿ, ಪ್ರಯೋಗ, ಮನೆಗೆಲಸದಿಂದ. ಇವರ ಒಂಬತ್ತನೆಯ ಎರಡನೆಯ ಸತ್ರದ ಪರೀಕ್ಷೆಯೂ 2020ರಲ್ಲಿ ರದ್ದಾಗಿತ್ತು. ಹಾಗಾದರೆ 2019ರ ದೀಪಾವಳಿಯ ಮೊದಲು ಬರೆದ ಒಂದು ಪರೀಕ್ಷೆ ಇವರ ಅರ್ಧ ಭವಿಷ್ಯ. ಹೀಗೆ ಮಾಡಬಾರದಿತ್ತು ಎಂದು ನಾನು ಹೇಳುವುದಿಲ್ಲ. ಆ ಏಪ್ರಿಲ್‌ನಲ್ಲಿ ಲಕ್ಷಗಟ್ಟಲೆ ಮಕ್ಕಳನ್ನು ಒಂದೆಡೆ ಕೂಡಿಸುವುದು ಸಾಧ್ಯವಿರಲಿಲ್ಲ. ಆದರೆ ತೂಕ ಮಾಡದೆ ಮಾಲು ಕೊಟ್ಟರೆ ಗಿರಾಕಿಗೂ ಸಮಾಧಾನವಿಲ್ಲ, ಅಂಗಡಿಯವನಿಗೂ ಇಲ್ಲ.

ಅದಕ್ಕೆ ಹುಡುಗಿಯರೇ ಒಂದು ದಾರಿ ಹುಡುಕಿದರು. ಮಾಸ್ತರರಿಂದ ಹಿಂದಿನ ವರ್ಷಗಳ ಪ್ರಶ್ನಪತ್ರಿಕೆ ತರಿಸಿಕೊಂಡರು. ಆಗ ಒಬ್ಬರ ಮನೆಗೆ ಒಬ್ಬರು ಬರುವಂತಿರಲಿಲ್ಲ. ಮುಂಜಾನೆ ಹನ್ನೊಂದಕ್ಕೆ ಇಬ್ಬರೂ ತಮ್ಮ ತಮ್ಮ ಮನೆಯಲ್ಲಿ ಕೂತು, ಮೊಬೈಲನ್ನು ಹಿರಿಯರ ಕೈಗೆ ಕೊಟ್ಟು, ಗಡಿಯಾರ ನೋಡಿ ಬರೆಯುವುದು. ನಮ್ಮಲ್ಲಿ ಮೇಲ್ವಿಚಾರಕ ನಾನು, ಅಲ್ಲಿ ಅವಳ ತಂದೆ. ಓದು ಬಾರದ ಮನುಷ್ಯ, ಎರಡು ತಾಸು ಬಾಗಿಲಲ್ಲಿ ಕೂತು ಮಗಳು ಬರೆಯುವುದನ್ನು ನೋಡಿದನಂತೆ. ಉತ್ತರದ ಫೋಟೋ ಮಾಸ್ತರರಿಗೆ ಹೋಗುತ್ತಿತ್ತು. ಅವರು ತಾವೇ ಜ್ವರದಿಂದ ಎದ್ದವರು, ಕೆಂಪು ಶಾಯಿಯಿಂದ ತಿದ್ದಿ ಕಳಿಸುತ್ತಿದ್ದರು. ಭೂಮಿತಿಯಲ್ಲಿ ನಮ್ಮವಳಿಗೆ 40ಕ್ಕೆ 27, ಅವಳಿಗೆ 31.

ಜುಲೈ 16ಕ್ಕೆ ಫಲಿತಾಂಶ ಬಂತು. ರಾಜ್ಯದಲ್ಲಿ ಶೇಕಡಾ 99.95 ಪಾಸು. ಊರಲ್ಲಿ ಕೆಲವರು ಇವರನ್ನು ಕೊರೊನಾ ಪಾಸು ಎಂದು ನಕ್ಕರು. ಅದೇ ವಾರ, ಜುಲೈ 19 ಮತ್ತು 22ರಂದು ಗಡಿಯ ಆಚೆ ಎರಡೇ ದಿನದಲ್ಲಿ ಹತ್ತನೆಯ ಪರೀಕ್ಷೆ ನಡೆಸಿ ಮುಗಿಸಿದರು; ಇಂಡಿಯ ಹುಡುಗ ಬರೆದ. ನಿನಗೆ ಎಷ್ಟು ಬಿದ್ದವು ಎಂದು ಯಾರಾದರೂ ಕೇಳಿದರೆ ಮೊಮ್ಮಗಳು ಎರಡು ಅಂಕಿ ಹೇಳುತ್ತಿದ್ದಳು, ಸರಕಾರದ್ದೊಂದು, ಮಾಸ್ತರರದೊಂದು. ಎರಡನೆಯದು ಕಡಿಮೆ. ಅದನ್ನೇ ಮೊದಲು ಹೇಳುತ್ತಿದ್ದಳು.

ಅವಳು ವಾಣಿಜ್ಯ ವಿಭಾಗಕ್ಕೆ ಹೋದಳು, ಸೊಲ್ಲಾಪುರದಲ್ಲಿ ಬಿ.ಕಾಂ. ಓದಿದಳು. ತಿಂಗಳಿಗೊಮ್ಮೆ ನಮ್ಮ ಜಿಎಸ್‌ಟಿ ರಿಟರ್ನು ಅವಳ ಕಣ್ಣು ದಾಟಿಯೇ ಹೋಗುತ್ತದೆ. ಇನ್ನೊಬ್ಬಳು ಹನ್ನೆರಡನೆಯದು ಮುಗಿಸಿ ನರ್ಸಿಂಗ್ ಕಲಿತಳು. 2025ರ ಬೇಸಿಗೆಯಲ್ಲಿ, ಇಪ್ಪತ್ತು ತುಂಬಿದ ಮೇಲೆ, ಅವಳ ಲಗ್ನ ಗೊತ್ತಾಯಿತು. ಅವಳ ತಂದೆ ಮತ್ತೆ ಸೀರೆ ಉದ್ರಿ ಕೇಳಿದ. ಹುಡುಗಿ ತಾನೇ ಬಂದು, ಅರ್ಧ ದಿನ ಕೂತು, ಕಪಾಟು ಖಾಲಿ ಮಾಡಿಸಿ ಆರು ಸೀರೆ ಆರಿಸಿದಳು. ಬಿಲ್ಲನ್ನು ಮೊಮ್ಮಗಳೇ ಬರೆದಳು, ತೆರಿಗೆ ಬೇರೆ ತೋರಿಸಿ. ಪಗಾರದಲ್ಲಿ ತಿಂಗಳಿಗೆ 500ರಂತೆ ಮುರಿಯುತ್ತಿದ್ದೇವೆ, ಇನ್ನೂ ಕೆಲವು ಕಂತು ಬಾಕಿ ಇವೆ.